ಜರಿಗೆ ಇಪ್ಪತ್ನಾಲ್ಕು ಮೆಟ್ಟಿಲು

ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಮಗ್ಗಗಳು ಓಡುವಾಗ ಗೋಡೆಗೆ ಹೊಡೆದ ಮೊಳೆ ತಾನಾಗಿಯೇ ಇನ್ನೊಂದು ಇಂಚು ಒಳಗೆ ಹೋಗುತ್ತಿತ್ತು. ಬೆಳಿಗ್ಗೆ ಇಟ್ಟ ಮೊಸರು ಮಧ್ಯಾಹ್ನದ ಹೊತ್ತಿಗೆ ಕಡೆಯದೆಯೇ ಬೆಣ್ಣೆಯಾಗುತ್ತಿತ್ತು. ಇಂಥ ಬೀದಿಯಲ್ಲಿ ಮೊದಲು ಕೈಮಗ್ಗ, ಆಮೇಲೆ ಪವರ್‌ಲೂಮು ಎಂದು ನಲವತ್ತು ವರ್ಷ ಸೀರೆ ನೇಯ್ದ ಕೋದಂಡರಾಮಯ್ಯನಿಗೆ ಕಿವಿಗಳು ಉಳಿದಿದ್ದವು ಅಂದರೆ ಅದು ಕನ್ನಡಕ ಸಿಕ್ಕಿಸುವುದಕ್ಕೆ ಮಾತ್ರ.

ಕಿವಿಯ ಕೆಲಸವನ್ನು ಅವನ ಬಲಗೈ ಕಲಿತುಕೊಂಡಿತ್ತು. ಮಗ್ಗದ ಚೌಕಟ್ಟಿನ ಮೇಲೆ ಅಂಗೈ ಇಟ್ಟರೆ ಸಾಕು, ಎಲ್ಲಿ ಎಳೆ ಹರಿದಿದೆ, ಯಾವ ಲಾಳಿಯಲ್ಲಿ ನೂಲು ಮುಗಿಯುತ್ತಾ ಬಂದಿದೆ ಎಂದು ಹೇಳಿಬಿಡುತ್ತಿದ್ದ. ಹೊಸಿಲು ಮುಟ್ಟಿ, ಬೀದಿ ತುದಿಗೆ ಬಂದದ್ದು ನೆಲಮಂಗಲದ ಬಸ್ಸೋ ದೇವನಹಳ್ಳಿಯದೋ ಎಂದು ಹೇಳುತ್ತಿದ್ದ. ಒಂದೆರಡು ಸಲ ಡ್ರೈವರನ ಹೆಸರನ್ನೂ ಹೇಳಿದ್ದುಂಟು.

ಅವನ ಬೆಕ್ಕಿನ ಹೆಸರು ಜರಿ. ಕಪ್ಪು ಮೈ, ಬೆನ್ನುದ್ದಕ್ಕೂ ಹೊಂಬಣ್ಣದ ಒಂದು ಪಟ್ಟೆ. ಹದಿನಾಲ್ಕು ವರ್ಷದಿಂದ ಅವಳಿಗೆ ಒಂದೇ ಕೆಲಸ: ಮಗ್ಗದ ಮನೆಯ ಅಟ್ಟದಲ್ಲಿದ್ದುಕೊಂಡು ನೂಲಿನ ಕೋನುಗಳನ್ನು ಕಾಯುವುದು. ನೆಲದಿಂದ ಮಗ್ಗಕ್ಕೆ, ಮಗ್ಗದಿಂದ ಅಟ್ಟಕ್ಕೆ, ಎರಡೇ ನೆಗೆತ. ತೊಂಬತ್ತೆರಡರ ಶ್ರಾವಣದಲ್ಲಿ ಎರಡನೆಯ ನೆಗೆತ ತಪ್ಪಿ ಬಿದ್ದಳು. ಆವತ್ತಿನಿಂದ ಎಡ ಹಿಂಗಾಲು ಮಡಚಲಿಲ್ಲ. ಮೂರು ಕಾಲು ಊರಿ ನಾಲ್ಕನೆಯದನ್ನು ಎಳೆಯುತ್ತಾ ಬಂದು, ಅಟ್ಟದ ಕೆಳಗೆ ಕೂತು, ಮೇಲಕ್ಕೆ ನೋಡುತ್ತಾ ದಿನವಿಡೀ ಬಾಯಿ ತೆರೆಯುತ್ತಿದ್ದಳು. ಆ ಕೂಗು ಕೋದಂಡರಾಮಯ್ಯನಿಗೆ ಕೇಳುತ್ತಿರಲಿಲ್ಲ. ತೆರೆದ ಬಾಯಿ ಕಾಣುತ್ತಿತ್ತು. ಹಾಲನ್ನೂ ಮೂಸುತ್ತಿರಲಿಲ್ಲ. ಹೀಗೇ ಬಿಟ್ಟರೆ ಅವಳು ಉಳಿಯುವುದಿಲ್ಲ ಎಂಬುದು ಅವನಿಗೆ ಗೊತ್ತಾಗಿತ್ತು.

"ಮೂವತ್ತು ವರ್ಷದಿಂದ ನನ್ನ ಮಂಡಿ ನೋಯ್ತದೆ. ಒಂದಿನಾನಾದ್ರೂ ಹಿಂಗೆ ಪಕ್ಕದಲ್ಲಿ ಕೂತಿದ್ದೀರೇನ್ರೀ?" ಹೆಂಡತಿ ಶಕುಂತಲಮ್ಮ ತುಟಿ ಅಗಲಿಸಿ ಕೇಳಿದಳು. ನಮ್ಮ ಬೀದಿಯವರೆಲ್ಲ ತುಟಿ ನೋಡಿಯೇ ಮಾತು ತಿಳಿಯುವವರು.

"ನೀನು ಇಲಿ ಹಿಡೀತೀಯೇನೇ?" ಅಂದ ಕೋದಂಡರಾಮಯ್ಯ.

ದಿನವೂ ಮಧ್ಯಾಹ್ನ ಹನ್ನೆರಡಕ್ಕೆ ಕರೆಂಟು ಹೋಗುತ್ತಿತ್ತು. ಕಲ್ಲು ಬಾವಿಗೆ ಬಿದ್ದು ಮುಳುಗಿದ ಹಾಗೆ ಬೀದಿಗೆ ಬೀದಿಯೇ ಸದ್ದಡಗಿ ಮುಳುಗುತ್ತಿತ್ತು. ಅಂಥ ಒಂದು ಮಧ್ಯಾಹ್ನ ಶಕುಂತಲಮ್ಮ ಮೇಲೆ ನೋಡಿ, "ರೀ, ಅಟ್ಟದಾಗೆ ಇಲಿ ಸೇರ್ಕೊಂಡವೆ" ಅಂದಳು.

ಅವನು ಅಟ್ಟದ ತೊಲೆಗೆ ಅಂಗೈ ಒತ್ತಿ ಬಹಳ ಹೊತ್ತು ನಿಂತ.

"ಇಲಿ ಅಲ್ಲ ಕಣೇ. ಇಲಿ ಓಡ್ತದೆ. ಇದು ನಡೀತದೆ."

ಏಣಿ ಹಾಕಿ, ಬ್ಯಾಟರಿ ಬಿಟ್ಟು ನೋಡಿದ. ಕೋನುಗಳು, ಸೀರೆಯ ಚಿತ್ತಾರಕ್ಕೆ ತೂತು ಕೊರೆದ ಹಳೆಯ ಜಕಾರ್ಡ್ ರಟ್ಟುಗಳ ಕಂತೆ, ಜರಿ ಬಿದ್ದ ಮೇಲೆ ಕೂತ ಬೆರಳು ದಪ್ಪ ಧೂಳು. ಧೂಳಿನ ಮೇಲೆ ಒಂದು ಗುರುತೂ ಇರಲಿಲ್ಲ. ಇಳಿದು ಬಂದು ತೊಲೆ ಮುಟ್ಟಿದರೆ ಮತ್ತೆ ನಾಲ್ಕು ಕಾಲು, ಈ ಗೋಡೆಯಿಂದ ಆ ಗೋಡೆಗೆ.

"ಜರಿ ಮೇಲಿದ್ದಾಗ ಇದರ ಆಟ ನಡೀತಿರಲಿಲ್ಲ" ಅಂದ. "ಅದಕ್ಕೇ ಅವಳು ಬಾಯಿ ಬಡ್ಕೊಳ್ಳೋದು."

ಎತ್ತಿ ಮೇಲೆ ಬಿಡಲು ಹೋದರೆ ಜರಿ ಮೊಣಕೈವರೆಗೆ ಪರಚಿದಳು. ಹದಿನಾಲ್ಕು ವರ್ಷ ಸ್ವಂತ ಕಾಲಲ್ಲಿ ಕೆಲಸಕ್ಕೆ ಹೋದವಳು ಹೆಗಲೇರಿ ಹೋಗುವಳೇ? ಏಣಿ ತೋರಿಸಿದ, ಅವನ ಬುದ್ಧಿಯನ್ನು ಅಳೆದವಳ ಹಾಗೆ ಅವನನ್ನೇ ನೋಡಿದಳು. ಕೋನಿನ ರಟ್ಟಿನ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಜೋಡಿಸಿದ. ಮೂರನೆಯದು ಕುಸಿದು, ಪೆಟ್ಟಿಗೆಯೊಳಗಿಂದ ಅವಳನ್ನು ತೆಗೆಯುವುದೇ ಒಂದು ಹೆರಿಗೆಯಾಯಿತು. ಕಡೆಗೆ ಮಗ್ಗ ರಿಪೇರಿಯ ಚೌಡೇಶನನ್ನು ಕರೆಸಿದ. ಅವನು ಏಳು ಮೆಟ್ಟಿಲು ಮಾಡಿ, ಮುಖ ಕಾಣುವಷ್ಟು ಪಾಲಿಷ್ ಹೊಡೆದು ತಂದ. ಜರಿ ಒಂದನೆಯದರ ಮೇಲೆ ಕಾಲಿಟ್ಟು ಬಚ್ಚಲಲ್ಲಿ ಜಾರಿದವರಂತೆ ಜಾರಿದಳು.

"ಬೆಕ್ಕಿಗೆ ಮಾಡ್ದೋ, ಮದುಮಗಳಿಗೆ ಮಾಡ್ದೋ?"

"ಅಣ್ಣೋ, ಅಳತೆ ಕೊಟ್ಟಿದ್ರೆ ತಾನೇ?"

ಅಳತೆ ಸಿಕ್ಕಿದ್ದು ಅವತ್ತು. ಕೋದಂಡರಾಮಯ್ಯ ನೆಲದ ಮೇಲೆ ಬೋರಲು ಮಲಗಿ, ಜರಿಯ ಆ ಕಾಲು ನೋವಿಲ್ಲದೆ ಎಷ್ಟು ಏಳುತ್ತದೆ ಎಂದು ಕೈಯಿಟ್ಟು ನೋಡಿದ. ನಾಲ್ಕು ಬೆರಳು. ಮೆಟ್ಟಿಲೊಂದಕ್ಕೆ ನಾಲ್ಕು ಬೆರಳು ಎತ್ತರ, ಒಂದು ಗೇಣು ಅಗಲ. ಆರಡಿಯ ಅಟ್ಟಕ್ಕೆ ಇಪ್ಪತ್ನಾಲ್ಕು. "ಶಿವಗಂಗೆ ಬೆಟ್ಟ ಮನೆಗೇ ಬತ್ತದೆ ಬಿಡಣ್ಣೋ" ಅಂದ ಚೌಡೇಶ. ಅಲುಗದಂತೆ ಗೋಡೆಗೆ ಬಡಿದು, ಜಾರದಂತೆ ಗೋಣಿತಾಟು ಹೊದಿಸಿ, ಬೀಳದಂತೆ ಹೊರಗಡೆ ಪಟ್ಟಿ ಕಟ್ಟಿ, ಮೂಲೆಯಲ್ಲಿ ತಿರುಗಿಸಿ ನಿಲ್ಲಿಸಿದ. ಮಗ್ಗದ ಮನೆಯಲ್ಲಿ ಮನುಷ್ಯರು ಅಡ್ಡಡ್ಡ ನಡೆಯಬೇಕಾಯಿತು.

ಶುಕ್ರವಾರ ಮಧ್ಯಾಹ್ನ ಕರೆಂಟು ಹೋದ ಮೇಲೆ ಜರಿ ಹತ್ತಿದಳು. ಕೋದಂಡರಾಮಯ್ಯ ಪಕ್ಕದ ಹಲಗೆಗೆ ಅಂಗೈ ಇಟ್ಟು ಕೂತ. ಮೂರು ಹೆಜ್ಜೆ, ಒಂದು ಎಳೆತ. ಆರನೆಯದರಲ್ಲಿ ಸುಧಾರಿಸಿಕೊಂಡಳು, ಹದಿನೈದನೆಯದರಲ್ಲಿ ಕೂತಳು. ಇಪ್ಪತ್ನಾಲ್ಕು ದಾಟಿ ಕತ್ತಲೆಯೊಳಗೆ ಹೋದಳು. ಅಟ್ಟದಲ್ಲಿ ನಡೆಯುತ್ತಿದ್ದದ್ದು ನಿಂತಿತು. ಎಲೆಅಡಿಕೆ ಅಗಿದು ಉಗಿಯುವಷ್ಟು ಹೊತ್ತು ಏನೂ ಇಲ್ಲ. ಆಮೇಲೆ ಇಳಿಯುವ ಹೆಜ್ಜೆ.

ಅದೇ ಕಪ್ಪು ಮೈ, ಅದೇ ಹೊಂಬಣ್ಣದ ಪಟ್ಟೆ. ಮೂರು ಮೂರು ಮೆಟ್ಟಿಲು ಹಾರುತ್ತಾ ಬಂದು, ಬಟ್ಟಲಿನ ಹಾಲನ್ನೆಲ್ಲ ಕುಡಿದು, ಚಾಪೆಯ ಮೇಲೆ ಮೈ ಚಾಚಿತು.

"ಅಯ್ಯೋ, ಕಾಲೇ ಸರಿಹೋಯ್ತಲ್ರೀ! ನಾನೂ ಒಂದ್ಸಲ ಹತ್ತಿ ಬರ್ಲಾ?" ಎಂದು ಶಕುಂತಲಮ್ಮ ಕೈ ತಟ್ಟಿದಳು.

ಅವನು ಹಲಗೆಯಿಂದ ಅಂಗೈ ತೆಗೆಯಲಿಲ್ಲ. ಮೇಲೆ, ಅಟ್ಟದಲ್ಲಿ, ಮೂರು ಹೆಜ್ಜೆ, ಒಂದು ಎಳೆತ.

"ಇದು ಅವಳಲ್ಲ. ಮೇಲೆ ನಡೀತಿತ್ತಲ್ಲ, ಅದು" ಅಂದ.

ಏಣಿ ಹತ್ತಿ ನೋಡಿದರೆ ಯಾರೂ ಇಲ್ಲ. ಧೂಳಿನಲ್ಲಿ ಮಾತ್ರ ಮೂರು ಪಾದದ ಗುರುತು, ಒಂದು ಉದ್ದ ಗೀರು. ಸುತ್ತಿ ಸುತ್ತಿ ಮೆಟ್ಟಿಲ ತಲೆಗೆ ಬಂದು ನಿಂತಿದ್ದವು. ಕೆಳಗಿನ ಬೆಕ್ಕು ಅತ್ತ ತಿರುಗಿಯೂ ನೋಡಲಿಲ್ಲ. ಅವನು ಅದನ್ನು ಮುಟ್ಟಲಿಲ್ಲ.

ಆಮೇಲಿನ ಎಂಟು ಮಧ್ಯಾಹ್ನವೂ ಕೋದಂಡರಾಮಯ್ಯ ಮೆಟ್ಟಿಲ ಬುಡದಲ್ಲಿ ಕೂತು, "ಬಾ ಜರಿ, ಇಳ್ಕೊಂಡು ಬಾರಮ್ಮ" ಎಂದು ಕರೆದ. ಒಂಬತ್ತನೆಯ ದಿನ ನಾನೂ ಅಲ್ಲಿದ್ದೆ. ಅವನ ಅಂಗೈ ಹಲಗೆಯ ಮೇಲೆ, ಕಣ್ಣು ಮುಚ್ಚಿತ್ತು. "ಹೊರಟ್ಳು" ಅಂದ. "ಐದು... ಎಂಟು... ಹನ್ನೆರಡು." ಅಷ್ಟರಲ್ಲಿ ಹಾಳು ಕರೆಂಟು ಬಂತು. ಬೀದಿಯ ಮಗ್ಗಗಳೆಲ್ಲ ಒಟ್ಟಿಗೆ ಹೊಡೆದುಕೊಂಡವು, ಹಲಗೆ ನಡುಗಿತು. ಅವನ ಕೈಗೆ ನಡುಕವಲ್ಲದೆ ಬೇರೇನೂ ಸಿಗದಾಯಿತು.

ನಲವತ್ತು ವರ್ಷದಲ್ಲಿ ಅರ್ಧ ಸೀರೆಗೆ ಮಗ್ಗ ನಿಲ್ಲಿಸದವನು ಎದ್ದು ಸ್ವಿಚ್ ಎಳೆದ. ಸಾಲಲಿಲ್ಲ. ಬರಿಗಾಲಲ್ಲಿ ಬೀದಿಗಿಳಿದು ಮನೆ ಮನೆಯ ಬಾಗಿಲಲ್ಲಿ ಕೈ ಮುಗಿದ. "ಒಂದರ್ಧ ಗಂಟೆ ನಿಲ್ಲಿಸ್ರಪ್ಪಾ. ಅವಳು ಇನ್ನೂ ಹನ್ನೆರಡು ಮೆಟ್ಲು ಇಳೀಬೇಕು. ಈ ಗದ್ದಲಕ್ಕೆ ಹೆದರ್ಕೊಂಡವಳೆ."

ನಕ್ಕರು. "ಕೋದಂಡಣ್ಣನಿಗೆ ಕಿವಿ ಹೋದ ದಾರೀಲೇ ತಲೇನೂ ಹೋಯ್ತು ಕಣ್ರೋ" ಅಂದರು. ಅವನ ಮುಖ ನೋಡಿದ ಮೇಲೆ ಒಬ್ಬೊಬ್ಬರಾಗಿ ನಿಲ್ಲಿಸಿದರು. ಕರೆಂಟಿದ್ದೂ ನಮ್ಮ ಬೀದಿ ಸುಮ್ಮನಾದದ್ದು ಅದೊಂದೇ ಸಲ.

ಬಾಗಿಲಲ್ಲಿ ಹತ್ತು ಜನ ನಿಂತಿದ್ದೆವು. ಹೆಚ್ಚಿಸಿ ಹೇಳುವುದಾದರೆ ಸಾವಿರ ಅನ್ನುತ್ತಿದ್ದೆ, ಹತ್ತೇ ಜನ. ಗೋಣಿತಾಟಿನ ಮೇಲೆ ಮೂರು ಹೆಜ್ಜೆ, ಒಂದು ಎಳೆತ. ಕಿವಿ ಇದ್ದವರಿಗೆಲ್ಲ ಕೇಳಿಸಿತು. ಕಣ್ಣಿಗೆ ಏನೂ ಇಲ್ಲ. ಕೊನೆಯ ಮೆಟ್ಟಿಲ ತಾಟು ಒಂದು ಎಳೆಯಷ್ಟು ತಗ್ಗಿತು. ಕೋದಂಡರಾಮಯ್ಯ ಅಂಗೈ ಮಲಗಿಸಿ ಹಿಡಿದ. ತೂಕ ಬಿದ್ದಂತೆ ಆ ಕೈ ಮೆಲ್ಲಗೆ ಕೆಳಗಿಳಿಯಿತು.

ಚಾಪೆಯ ಮೇಲಿದ್ದ ಬೆಕ್ಕು ಎದ್ದು, ಹಾಲಿನ ಬಟ್ಟಲು ಬಿಟ್ಟು, ಜಾಗ ಕೊಟ್ಟಿತು.