ದೊಡ್ಡಮ್ಮನ ಹೆಬ್ಬೆರಳು

ನಮ್ಮ ದೊಡ್ಡಮ್ಮ ಟೈಲರ್. ಗಂಡ ಹೋದ ಮೇಲೆ ಮನೆಯ ಮುಂದಿನ ಕೋಣೆಯಲ್ಲೇ ಮಷೀನು ಹಾಕಿಕೊಂಡು ಸಂಸಾರ ನಡೆಸಿದವರು. ತಂಗಿಯ ಮಗಳಾದ ನಾನು ಗುಂಡಿ ಹಚ್ಚುತ್ತೇನೆ, ಅಷ್ಟೇ. ಬಟ್ಟೆ ಕತ್ತರಿಸುವ ಕೆಲಸವನ್ನು ಅವರು ಯಾರ ಕೈಗೂ ಕೊಟ್ಟವರಲ್ಲ. ಈಗ ಆ ಕತ್ತರಿ ಹಿಡಿಯುವ ಹೆಬ್ಬೆರಳಿನ ಬುಡದಲ್ಲೇ ನೋವು. ಲೋಟ ಎತ್ತಿದರೆ ಜೀವ ಹೋದಂತಾಗುತ್ತದೆ, ಬಾಗಿಲ ಚಿಲಕ ತೆಗೆಯಲೂ ನನ್ನನ್ನು ಕರೆಯಬೇಕು.

ಎಕ್ಸ್‌ರೇ ತೆಗೆಸಿದೆವು. ಅದರಲ್ಲಿ ಏನೂ ಇರಲಿಲ್ಲ. ಡಾಕ್ಟರು ಬಿಡಿಸಿ ಹೇಳಿದರು: "ಮೂಳೆ ಗಟ್ಟಿಯಾಗಿದೆ ಅಮ್ಮ. ಹೆಬ್ಬೆರಳನ್ನ ಎಳೆಯೋ ಹುರಿ ಊದ್ಕೊಂಡಿದೆ. ಅದು ಎಕ್ಸ್‌ರೇಲಿ ಕಾಣಲ್ಲ." ಮಣಿಕಟ್ಟಿಗೂ ಹೆಬ್ಬೆರಳಿಗೂ ಸೇರಿಸಿ ಒಂದು ಪಟ್ಟಿ ಕಟ್ಟಿ, ಕೆಲಸ ಮಾಡುವಾಗ ಬಿಚ್ಚಲೇಬಾರದು ಎಂದರು.

ಮನೆಯಲ್ಲಿ ದೊಡ್ಡಮ್ಮನ ಮಗನ ಕಿವಿಗೆ ಬಿದ್ದದ್ದು ಎಕ್ಸ್‌ರೇ ಮಾತು ಮಾತ್ರ. "ಏನೂ ಇಲ್ವಂತಲ್ಲ, ಮತ್ತೇನು ಮುಲುಗೋದು?" ಎಂದ. ನೆಗಡಿ ಬಂದರೆ ವಾರವಿಡೀ ಮುಸುಕು ಹೊದ್ದು ಮಲಗುವ ಮಹಾರಾಯ ಅವನು. ಅವನ ಓದು ಇನ್ನೂ ಮುಗಿದಿಲ್ಲ, ಅದೂ ನಡೆಯುವುದು ಇದೇ ಹೆಬ್ಬೆರಳಿನಿಂದ.

ಪಟ್ಟಿಯ ಕಥೆ ಇನ್ನೂ ಚೆಂದ. ಕಟ್ಟಿಕೊಂಡ ಮೊದಲ ದಿನವೇ ಖಾಯಂ ಗಿರಾಕಿಯೊಬ್ಬಳು ಕೈ ನೋಡಿ, "ಪಾಪ, ರೆಸ್ಟ್ ತಗೊಳ್ಳಿ ಅಕ್ಕ" ಎನ್ನುತ್ತಾ ತಂದ ಬಟ್ಟೆಯನ್ನು ಹಾಗೇ ಬೇರೆ ಟೈಲರ್ ಹತ್ತಿರ ಕೊಂಡೊಯ್ದಳು. ಅಂದಿನಿಂದ ದೊಡ್ಡಮ್ಮ ಬೆಳಿಗ್ಗೆ ಗಿರಾಕಿ ಬರುವ ಮುಂಚೆ ಪಟ್ಟಿ ಬಿಚ್ಚಿಡುತ್ತಾರೆ, ಸಂಜೆ ಅಂಗಡಿ ಮುಚ್ಚಿದ ಮೇಲೆ ಕಟ್ಟಿಕೊಳ್ಳುತ್ತಾರೆ. ಕತ್ತರಿಸುವಾಗ ಬರಿಗೈ, ಟಿವಿ ನೋಡುವಾಗ ಪಟ್ಟಿ! ಇಂಜೆಕ್ಷನ್ ಕೊಡಿಸಿದರೆ, ನೋವು ಇಳಿಯಿತೆಂದು ಬಾಕಿ ಬಿದ್ದ ಬಟ್ಟೆಯನ್ನೆಲ್ಲ ಒಂದೇ ಉಸಿರಿಗೆ ಕತ್ತರಿಸಿ ಮತ್ತೆ ಊದಿಸಿಕೊಂಡರು. ಬೈದೆ, ಬೇಡಿಕೊಂಡೆ, ಕೊನೆಗೆ ಅತ್ತೂ ಬಿಟ್ಟೆ. ಗೋಡೆಗೆ ಹೇಳಿದ ಹಾಗಾಯಿತು.

ಮೊನ್ನೆ ಡಾಕ್ಟರು ಕೇಳಿದರು, "ಪಟ್ಟಿ ಬಿಡದೆ ಹಾಕ್ಕೊಂಡ್ರಾ?"

"ಬಿಚ್ಚೇ ಇಲ್ಲ," ಎಂದರು ದೊಡ್ಡಮ್ಮ, ರೆಪ್ಪೆ ಅಲುಗಿಸದೆ.

"ಹಾಗಾದ್ರೆ ಪಟ್ಟಿ, ಇಂಜೆಕ್ಷನ್ ಎರಡೂ ಕೆಲಸ ಮಾಡಿಲ್ಲ. ಇನ್ನು ಆಪರೇಷನ್ನೇ."

ನನಗೆ ತಡೆಯಲಾಗಲಿಲ್ಲ. "ಸುಳ್ಳು ಡಾಕ್ಟ್ರೇ! ಕತ್ತರಿ ಹಿಡಿಯೋವಾಗ ಹಾಕ್ಕೊಳ್ಳೋದೇ ಇಲ್ಲ ಇವ್ರು."

ಡಾಕ್ಟರ ಮುಖ ಹಗುರಾಯಿತು. "ಹಾಗಿದ್ರೆ ಕುಯ್ಯೋದು ಬೇಡಮ್ಮ. ಪಟ್ಟಿ ಕಟ್ಕೊಂಡು ಒಂದೆರಡು ತಿಂಗಳು ಕತ್ತರಿ ಮುಟ್ಟಬೇಡಿ, ಸಾಕು."

ಗೆದ್ದೆ ಎಂದುಕೊಂಡು ದೊಡ್ಡಮ್ಮನ ಕಡೆ ತಿರುಗಿದೆ. ಅವರು ಡಾಕ್ಟರ ಮೇಜಿನ ಮೇಲೆ ಕೈ ಚಾಚಿ ಇಟ್ಟಿದ್ದರು.

"ಕುಯ್ದೇ ಬಿಡಿ ಡಾಕ್ಟ್ರೇ. ಆಪರೇಷನ್ ಆಗಿದೆ ಅಂದ್ರೆ ಗಿರಾಕಿಗಳು ಕಾಯ್ತಾರೆ, ಮಗಾನೂ ನಂಬ್ತಾನೆ. ಬರೀ ನೋವು ಅಂದ್ರೆ ಯಾರು ಕಾಯ್ತಾರೆ?"