ಮುಟ್ಟೇ ಇಲ್ಲವೆಂಬಂತೆ ಓದಿದ ಪುಸ್ತಕಗಳು

ಮೈದಾ ಹಿಟ್ಟಿಗೆ ಒಂದು ಚಿಟಿಕೆ ಮೈಲುತುತ್ತ ಹಾಕಿ ಕುದಿಸಿದ ಅಂಟಿನ ವಾಸನೆ ನಿಮಗೆ ನೆನಪಿದೆಯೋ ಇಲ್ಲವೋ. ತುಸು ಹುಳಿ, ತುಸು ತಾಮ್ರ, ಕೆಳಗೆಲ್ಲೋ ಗಂಜಿಯಂಥ ಒಂದು ಬೆಚ್ಚನೆಯ ವಾಸನೆ. ಹಿಂದೆ ಪುಸ್ತಕದ ರಟ್ಟು ಕಟ್ಟುವವರೆಲ್ಲ ಅದನ್ನೇ ಬಳಸುತ್ತಿದ್ದರು. ಮೈಲುತುತ್ತ ಇದ್ದರೆ ಹುಳ ಹತ್ತಿರ ಬರುವುದಿಲ್ಲ. ಕಳೆದ ವರ್ಷ, ಪರದೇಶದಲ್ಲಿ ನಾನು ಕೆಲಸ ಮಾಡುವ ವಿಶ್ವವಿದ್ಯಾಲಯದ ಲೈಬ್ರರಿಯ ನೆಲಮಾಳಿಗೆಗೆ, ನಾಲ್ಕನೇ ಅಂತಸ್ತಿನ ಕನ್ನಡ ಪುಸ್ತಕಗಳು ಗಾಡಿಯಲ್ಲಿ ಇಳಿದು ಬಂದವು. ಒಂದೊಂದಕ್ಕೂ ಕಂಪ್ಯೂಟರಿನಲ್ಲಿ ಹೊಸ ವಿಳಾಸ ಬರೆದು, ಸ್ಟರ್ಲಿಂಗ್ ಎಂಬ ಊರಿನ ಕಡೆಯ ಗೋದಾಮಿಗೆ ಕಳಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಮೊದಲ ಪುಸ್ತಕದ ರಟ್ಟು ತೆರೆದೆ. ಆ ವಾಸನೆ ಮೂಗಿಗೆ ಬಡಿಯಿತು.

ನಮ್ಮ ಮನೆಯೆಂದರೆ ಗದಗಿನ ಒಂದು ಕಾಲೇಜಿನ ಲೈಬ್ರರಿಯ ಬೆನ್ನಿಗೆ ಅಂಟಿಕೊಂಡಿದ್ದ ಎರಡು ಕೋಣೆ. ಅಪ್ಪ ಅಲ್ಲಿನ ಲೈಬ್ರರಿಯನ್. ಅಡುಗೆಮನೆಯ ಗೋಡೆಯ ಆ ಕಡೆ ಪುಸ್ತಕದ ಕಪಾಟು, ಈ ಕಡೆ ಅವ್ವನ ಒಲೆ. ಬೇಸಿಗೆ ರಜೆಯಲ್ಲಿ ಹರಿದ ಪುಸ್ತಕಗಳೆಲ್ಲ ನಮ್ಮ ಪಡಸಾಲೆಗೆ ಬರುತ್ತಿದ್ದವು. ಅವ್ವ ಅಂಟು ಕುದಿಸುತ್ತಿದ್ದಳು, ಅಪ್ಪ ಹೊಲಿಯುತ್ತಿದ್ದ, ನಾನು ಒದ್ದೆ ರಟ್ಟಿನ ಮೇಲೆ ಇಟ್ಟಿಗೆ ಹೇರುತ್ತಿದ್ದೆ. ಒಲೆಯ ಮೇಲಿನ ಅಂಟನ್ನು ನೋಡಿ, ಊರಿಂದ ಬಂದ ನೆಂಟರೊಬ್ಬರು ಗಂಜಿ ಎಂದು ಬಟ್ಟಲು ಹಿಡಿದು ಕೂತಿದ್ದ ಕಥೆ ನಮ್ಮ ಬಳಗದಲ್ಲಿ ಬಹಳ ವರ್ಷ ಓಡಾಡಿತು. ಅಪ್ಪನಿಗೆ ಎಲ್ಲಕ್ಕೂ ಜಾಗ ಗೊತ್ತುಮಾಡುವ ಚಟ. ಉಪ್ಪಿನ ಡಬ್ಬಿ, ಸಾಸಿವೆ ಡಬ್ಬಿ, ಸೂಜಿ ದಾರದ ಡಬ್ಬಿ, ಎಲ್ಲದರ ಬೆನ್ನಿಗೂ ಚೀಟಿ ಅಂಟಿಸಿ ನಂಬರು ಬರೆದಿದ್ದ. "ನನಗೂ ಒಂದ್ ನಂಬರ್ ಹಚ್ಚಿಬಿಡ್ರಿ, ಕಳಕೊಳ್ಳೂದು ತಪ್ಪತೈತಿ" ಎಂದು ಅವ್ವ ಛೇಡಿಸುತ್ತಿದ್ದಳು. ಲೈಬ್ರರಿಯಿಂದ ನಾನು ಯಾವ ಪುಸ್ತಕ ತೆಗೆದರೂ ಓದಿ ಮುಗಿಸಿ ಅದೇ ಸಂದಿಗೆ, ಬೆನ್ನುಗಳ ಸಾಲು ಕೆಡದಂತೆ ತಳ್ಳಿ ಇಡಬೇಕಿತ್ತು. ಇಟ್ಟ ಮೇಲೆ ಅಪ್ಪ ಬಂದು ನೋಡುತ್ತಿದ್ದ. ಯಾವುದನ್ನು ತೆಗೆದಿದ್ದೆನೆಂದು ಅವನಿಗೆ ಗೊತ್ತಾಗದಿದ್ದರೆ ನಾನು ಪಾಸು. ನನ್ನ ಬಾಲ್ಯದಲ್ಲಿ ನಾನು ಗೆದ್ದ ಬಹುಮಾನಗಳೆಲ್ಲ ಅದೊಂದೇ ಬಗೆಯವು. ಆ ಎರಡು ಕೋಣೆಗಳನ್ನು ಕೆಡವಿ ಕಂಪ್ಯೂಟರ್ ಲ್ಯಾಬ್ ಕಟ್ಟಿ ಬಹಳ ಕಾಲವಾಯಿತು. ಅವ್ವ ಹೋದಳು. ಡಬ್ಬಿಗಳು ಯಾರ ಮನೆ ಸೇರಿದವೋ ನನಗೆ ಗೊತ್ತಿಲ್ಲ.

ಕೊರೋನಾ ಕಳೆದು ಇಲ್ಲಿನ ಲೈಬ್ರರಿ ಮತ್ತೆ ತೆರೆದ ಮೇಲೆ ಅಪ್ಪ ವಿಮಾನ ಹತ್ತಿ, ನಾವಿರುವ ಊರಾದ ಹರ್ನ್‌ಡನ್‌ನ ನಮ್ಮ ಮನೆಗೆ ಬಂದ. ಕೋಶ ಓದು, ದೇಶ ನೋಡು ಅನ್ನುತ್ತಾರಲ್ಲ, ಅವನು ದೇಶ ನೋಡಲು ಬಂದು ಕೋಶ ಓದುತ್ತ ಕೂತ. ಬೆಳಿಗ್ಗೆ ನನ್ನ ಜೊತೆಗೇ ಕಾರಿನಲ್ಲಿ ಹೊರಟು, ನಾಲ್ಕನೇ ಅಂತಸ್ತಿಗೆ ಹೋಗಿ ಕಿಟಕಿ ಬದಿಯ ಮೇಜು ಹಿಡಿಯುತ್ತಿದ್ದ. ಹೊರಗಿನವರು ಅಲ್ಲಿ ಕೂತು ಓದಬಹುದು, ಮನೆಗೆ ಒಯ್ಯುವಂತಿಲ್ಲ. ನನ್ನ ಕಾರ್ಡಿನ ಮೇಲೆ ತರುತ್ತೇನೆಂದರೆ ಒಪ್ಪಲಿಲ್ಲ. "ಲೈಬ್ರರಿಯವರ ಮಂದಿಯಾಗಿ ನಾವ ರೂಲ್ ಮುರದ್ರ ಹೆಂಗವ್ವಾ" ಎಂದ. ಹರ್ನ್‌ಡನ್‌ನಲ್ಲಿ ಮಕ್ಕಳ ಮನೆಗೆ ಬಂದು, ಮೊಮ್ಮಕ್ಕಳು ಸ್ಕೂಲಿಗೆ ಹೋದ ಮೇಲೆ ಗೋಡೆ ನೋಡುತ್ತ ಕೂರುತ್ತಿದ್ದ ಇನ್ನೂ ನಾಲ್ಕಾರು ಹಿರಿಯರು ಅವನ ಸುದ್ದಿ ಕೇಳಿ ಬರತೊಡಗಿದರು. ಎಲ್ಲರಿಗೂ ಅಪ್ಪನದೇ ಪಾಠ. ಮೈಸೂರಿನ ಶ್ರೀನಿವಾಸ ಅಂಕಲ್ ಒಮ್ಮೆ ಲಿಫ್ಟಿನಲ್ಲಿ ಸಿಕ್ಕಾಗ ಹೆಮ್ಮೆಯಿಂದ ಹೇಳಿದರು: "ಓದಿದ್ದನ್ನೆಲ್ಲ ವಾಪಸ್ ನೀಟಾಗಿ ಇಟ್ಟಿದೀವಮ್ಮ. ಯಾರೂ ಮುಟ್ಟೇ ಇಲ್ಲ ಅನ್ನೋ ಹಾಗೆ."

ಪ್ರತಿ ಮೇಜಿನ ಮೇಲೂ ಒಂದು ಸಣ್ಣ ಫಲಕವಿತ್ತು. ಓದಿದ ಪುಸ್ತಕವನ್ನು ದಯವಿಟ್ಟು ಇಲ್ಲೇ ಬಿಡಿ, ನಾವು ಎತ್ತಿಡುತ್ತೇವೆ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ನನ್ನ ಮಗಳು ಇಂಚರ ಒಂದು ಶನಿವಾರ ಅಜ್ಜನ ಜೊತೆ ಹೋದವಳು ಅದನ್ನು ತೋರಿಸಿ, "ಅಜ್ಜಾ, ಅಲ್ಲೇ ಬಿಡು. ದೇ ವಿಲ್ ಟೇಕ್ ಕೇರ್" ಎಂದಳಂತೆ. ಅಪ್ಪ ನಕ್ಕುಬಿಟ್ಟ. ರಾತ್ರಿ ಊಟಕ್ಕೆ ಕೂತಾಗ ನನಗೆ ಹೇಳಿದ: "ಓದಿ ಹಂಗ ಬಿಟ್ಟ ಎದ್ರ, ಉಂಡ ತಾಟ ಬಿಟ್ಟ ಎದ್ದಂಗ. ಇನ್ನೊಬ್ರ ಬಂದ ತಗೀಬೇಕೇನು?" ಮೇಜಿನ ಮೇಲೆ ಬಿಟ್ಟ ಪುಸ್ತಕಗಳನ್ನು ಸಂಜೆ ಸ್ಕ್ಯಾನ್ ಮಾಡಿ, ಇದನ್ನು ಯಾರೋ ಓದಿದ್ದಾರೆ ಎಂದು ಲೆಕ್ಕಕ್ಕೆ ಹಿಡಿಯುತ್ತಾರೆಂದು ನನಗೆ ಗೊತ್ತಿತ್ತು. ಅದೇ ಕಟ್ಟಡದಲ್ಲಿ ಅಷ್ಟು ವರ್ಷ ಕೆಲಸ ಮಾಡಿದವಳಿಗೆ ಗೊತ್ತಿರದೆ ಇರುತ್ತದೆಯೇ? ಆದರೂ ನಾನು ಹೇಳಲಿಲ್ಲ. ಗದಗಿನ ಆ ಎರಡು ಕೋಣೆಗಳ ಶಿಸ್ತು ಇಲ್ಲಿನ ನಾಲ್ಕನೇ ಅಂತಸ್ತಿನಲ್ಲಿ ಉಳಿದಿದೆಯಲ್ಲ ಎಂದು ಒಳಗೊಳಗೇ ಹಿಗ್ಗುತ್ತಿದ್ದೆ. ಹಿಗ್ಗಿಗೆ ಬುದ್ಧಿ ಕಡಿಮೆ.

ಅಪ್ಪ ತೀರಿಕೊಂಡ ಮರುವರ್ಷ ಲೈಬ್ರರಿಯ ಹೊಸ ಯೋಜನೆ ಬಂತು. ಲೈಬ್ರರಿಯೆಂದರೆ ಇನ್ನು ಮೇಲೆ ಪುಸ್ತಕ ಕೂಡುವ ಜಾಗವಲ್ಲ, ಜನ ಕೂಡುವ ಜಾಗ ಎಂದು ದೊಡ್ಡವರು ಸಭೆಯಲ್ಲಿ ವಿವರಿಸಿದರು. ನಾಲ್ಕನೇ ಅಂತಸ್ತಿಗೆ ಗುಂಪಾಗಿ ಓದುವ ಗಾಜಿನ ಕೋಣೆಗಳು, ವಿಡಿಯೋ ಮಾಡುವ ಕೋಣೆ, ಕಾಫಿ. ಹತ್ತು ವರ್ಷದಲ್ಲಿ ಒಮ್ಮೆಯೂ ಯಾರೂ ಬಳಸದ ಪುಸ್ತಕ ಗೋದಾಮಿಗೆ. ಒಮ್ಮೆಯಾದರೂ ಬಳಸಿದ್ದು ಅಲ್ಲೇ ಇರುತ್ತದೆ. ಇದು ಅನ್ಯಾಯವೆಂದು ನಾನು ಹೇಳಲಾರೆ. ಆ ಮಕ್ಕಳು ಮೆಟ್ಟಿಲ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಓದುವುದನ್ನು ನಾನೇ ದಿನಾ ನೋಡಿದ್ದೇನೆ, ಅವರಿಗೂ ಕೂರಲು ಜಾಗ ಬೇಕು. ಆದರೆ ಪಟ್ಟಿ ತೆರೆದು ನೋಡಿದರೆ ಕನ್ನಡದ ಸಾಲುಗಳ ಮುಂದೆ ಸೊನ್ನೆ, ಸೊನ್ನೆ, ಸೊನ್ನೆ. ಅಪ್ಪ ಎರಡು ಸಲ ಬಂದು ಆರಾರು ತಿಂಗಳು ಓದಿದ್ದ ಕಪಾಟು ಅದು. ಅವನೂ ಅವನ ಬಳಗವೂ ಎಷ್ಟು ಅಚ್ಚುಕಟ್ಟಾಗಿ ಓದಿದ್ದರೆಂದರೆ, ಓದಿಯೇ ಇಲ್ಲವೆಂದಾಗಿತ್ತು.

ನನ್ನ ಮೇಲಧಿಕಾರಿ ಮಾರ್ಗರೆಟ್ ಒಳ್ಳೆಯ ಹೆಂಗಸು. ಅಪ್ಪ ಸತ್ತಾಗ ಮನೆಗೆ ಸೂಪು ತಂದುಕೊಟ್ಟವಳು. ಅವಳ ಎದುರು ಕೂತು ಎಲ್ಲವನ್ನೂ ಹೇಳಿದೆ. ಅವಳು ತಾಳ್ಮೆಯಿಂದ ಕೇಳಿದಳು. "ನಿನ್ನ ಮಾತನ್ನು ನಾನು ಪೂರ್ತಿ ನಂಬುತ್ತೇನೆ. ಆದರೆ ಪುಸ್ತಕವನ್ನು ವಾಪಸ್ ಇಟ್ಟವರನ್ನು ನಾನು ಹೇಗೆ ಎಣಿಸಲಿ?" ಎಂದಳು. ಅವಳ ಮೇಲೆ ಸಿಟ್ಟು ಬರಲಿಲ್ಲ. ಅಪ್ಪನ ಮೇಲೆ ಬಂತು. ಸತ್ತವರ ಮೇಲೆ ಸಿಟ್ಟು ಮಾಡಿಕೊಂಡು ಕಾರು ಓಡಿಸುವುದು ದಣಿವಿನ ಕೆಲಸ. ಇಷ್ಟು ಓದಿದ ಮನುಷ್ಯ, ಒಂದು ದಿನ, ಒಂದೇ ದಿನ ಮೈಗಳ್ಳನಾಗಿ ಎದ್ದು ಬಂದಿದ್ದರೆ ಏನಾಗುತ್ತಿತ್ತು ಎಂದು ಮನೆ ಮುಟ್ಟುವವರೆಗೂ ಅಂದುಕೊಳ್ಳುತ್ತಿದ್ದೆ. ಅವನಿಗೆ ಹೇಳಬೇಕಿದ್ದವಳು ನಾನೇ ಎಂಬುದು ಮನೆ ಮುಂದೆ ಕಾರು ನಿಲ್ಲಿಸಿದ ಮೇಲೆ ನೆನಪಾಗುತ್ತಿತ್ತು.

ಹೀಗೆ ಗಾಡಿಗಳು ಇಳಿದು ಬಂದವು. ದಿನಕ್ಕೆ ಒಂದು ಗಾಡಿಯಂತೆ ಎರಡು ವಾರ ನಾನು ಆ ವಾಸನೆಯೊಳಗೆ ಕೂತು ವಿಳಾಸ ಬದಲಿಸಿದೆ. ಕಾದಂಬರಿಗಳು ಹೋದವು. ವಚನಗಳು ಹೋದವು. ಹಳೆಯ ನಿಘಂಟುಗಳು ಎರಡೂ ಕೈಯಲ್ಲಿ ಎತ್ತುವಷ್ಟು ಭಾರವಾಗಿದ್ದವು, ಅವೂ ಹೋದವು. ಕೊನೆಗೆ ಗಾಡಿಗಳನ್ನು ಕನ್ನಡ ಪುಸ್ತಕಗಳ ಪೂರ್ತಿ ಪಟ್ಟಿಯೊಂದಿಗೆ ತಾಳೆ ನೋಡಿದಾಗ ಒಂದು ಪುಸ್ತಕ ಕಡಿಮೆ ಬಿತ್ತು. ಕಳೆದುಹೋಗಿದೆ ಎಂದುಕೊಂಡು ಕಂಪ್ಯೂಟರಿನಲ್ಲಿ ಹುಡುಕಿದರೆ ಅದು ಮೇಲೆ, ನಾಲ್ಕನೇ ಅಂತಸ್ತಿನಲ್ಲೇ ಇತ್ತು. ಎತ್ತುಗಳ ರೋಗಗಳ ಬಗ್ಗೆ ಯಾವುದೋ ಕಾಲದ ಪಶುವೈದ್ಯರೊಬ್ಬರು ಬರೆದ ಪುಸ್ತಕ. ಇಷ್ಟು ದೊಡ್ಡ ಸಾಹಿತ್ಯದಲ್ಲಿ ಉಳಿದದ್ದು ಇದೇ ಏನಪ್ಪಾ ಎಂದು ನಗು ಬಂತು. ಅದರ ಮುಂದೆ ಸೊನ್ನೆಯ ಬದಲು ಒಂದು ಎಂದಿತ್ತು. ಮೇಜಿನ ಮೇಲೆ ಬಿಟ್ಟದ್ದು, ಸಂಜೆ ಸ್ಕ್ಯಾನ್ ಆದದ್ದು. ಪಕ್ಕದಲ್ಲಿದ್ದ ತಾರೀಖು ನೋಡಿದೆ. ಆಗ ನಗು ನಿಂತಿತು.

ಅದು ಎಲೆ ಉದುರುವ ಕಾಲದ ಒಂದು ಮಂಗಳವಾರ. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಮೇಲಿನಿಂದ ನನಗೆ ಫೋನ್ ಬಂತು. ಓಡಿ ಹೋದರೆ ಅಪ್ಪ ಎದೆಯ ಮೇಲೆ ಕೈಯಿಟ್ಟುಕೊಂಡು ಕುರ್ಚಿಯಲ್ಲಿ ಒರಗಿದ್ದ, ಎದುರಿಗೆ ಪುಸ್ತಕ ತೆರೆದೇ ಇತ್ತು. ಯಾವ ಪುಸ್ತಕವೆಂದು ನಾನು ನೋಡಲಿಲ್ಲ. ಆಂಬುಲೆನ್ಸಿನವರು ಸ್ಟ್ರೆಚರ್ ತಂದು ಮಲಗಿಸಿದರು. ಲಿಫ್ಟಿನ ಕಡೆ ಒಯ್ಯುವಾಗ ಅವನು ಮೇಜಿನತ್ತ ಕೈ ಎತ್ತಿದ. ನೀರು ಬೇಕಾಗಿದೆ ಎಂದುಕೊಂಡೆ.

ಆಸ್ಪತ್ರೆಯಲ್ಲಿ, ನನ್ನ ಗುರುತು ಹಿಡಿದು ಅಪ್ಪ ಕೊನೆಯದಾಗಿ ಆಡಿದ್ದು ಎರಡೇ ಮಾತು.

"ಪುಸ್ತಕ ಟೇಬಲ್ ಮ್ಯಾಲ ಉಳೀತವ್ವಾ."

"ಇಲ್ಲಪ್ಪ, ನಾ ಇಟ್ಟ ಬಂದೀನಿ."

"ಎಲ್ಲಿದ್ದದ್ದು ಅಲ್ಲೇ?"

"ಅಲ್ಲೇ" ಎಂದೆ. ಅವನು ಸಮಾಧಾನದಿಂದ ಕಣ್ಣು ಮುಚ್ಚಿದ. ನಾನು ಇಟ್ಟಿರಲಿಲ್ಲ.