ಎತ್ತರದ ಗಾಡಿಯಲ್ಲಿ ಬಾಡಗಂಡಿಗೆ

ಬೆಳಗ್ಗೆ ಏಳಕ್ಕೆ ರಬಕವಿ ಬಿಡಬೇಕೆಂದಿದ್ದವರು ಮನೆಯ ಮುಂದೆಯೇ ಅರ್ಧ ತಾಸು ನಿಂತೆವು. ಮುಧೋಳದ ಗಾಡಿ ದಲಾಲರು ಒಂದು ದಿನ ಓಡಿಸಿ ನೋಡಲು ಕೊಟ್ಟಿದ್ದ ಎಸ್‌ಯುವಿಯನ್ನು ನಮ್ಮಕ್ಕನಿಗೆ ಹತ್ತಲಾಗಲಿಲ್ಲ. ಮೊಣಕಾಲು ನೋವು. ನಾನು ರಟ್ಟೆ ಹಿಡಿಯಲು ಹೋದರೆ ಕೈ ಕೊಡವಿದಳು. ಕೊನೆಗೆ ಒಳಗಿಂದ ಮಣೆ, ಅದರ ಮೇಲೆ ಇನ್ನೊಂದು ಮಣೆ ತಂದಿಟ್ಟೆ.

ಕೂತ ಮೇಲೆ ಅಂದಳು: "ತಮ್ಮಾ, ಇದು ಮಾಳಿಗಿ ಏರಿದಂಗಾತು. ದಿನಾ ಈ ಮಣಿ ಹೊತಗೊಂಡು ತಿರಗತಿಯೇನ?"

ಸೈಕಲ್ ಮೇಲೆ ಸೀರೆ ಮಾರಿ ಜಮಖಂಡಿಯಲ್ಲಿ ಅಂಗಡಿ ಮಾಡಿದವನು ನಾನು. ರಬಕವಿಯಿಂದ ದಿನಾ ಹೋಗಿ ಬರುವ ದಾರಿ. ಅಕ್ಕ ಹುಟ್ಟಾ ನೇಕಾರತಿ. ಸೀರೆಯ ಮೇಲೆ ಬೆರಳಾಡಿಸಿದರೆ ಸಾಕು, ಎಲ್ಲಿ ಎಳೆ ತಪ್ಪಿದೆ ಅಂತ ಹೇಳುತ್ತಾಳೆ. ಹೋದ ವರ್ಷ ಬಸ್ಸಿಗೆ ಆಕೆಯನ್ನು ಇಬ್ಬರು ಎತ್ತಿ ಹತ್ತಿಸಿದರು. ಅಂದಿನಿಂದ ಆಕೆ ಹೊಸ್ತಿಲು ದಾಟಿರಲಿಲ್ಲ. ತಾನಾಗಿ ಕೂತು ತಾನಾಗಿ ಇಳಿಯುವಂಥ ಗಾಡಿ ಬಂದರೆ ಅಂಗಡಿಗೆ ಬಂದು ಸೀರೆ ನೋಡಿಕೊಡುತ್ತೇನೆ, ಇಲ್ಲದಿದ್ದರೆ ಇಲ್ಲ ಎಂದು ಹಟ ಹಿಡಿದಿದ್ದಳು. ಅದಕ್ಕೇ ಈ ಪ್ರವಾಸ. ಬಾಡಗಂಡಿಯ ಸಕ್ಕರೆ ಕಾರ್ಖಾನೆಯ ಗುಮಾಸ್ತರೊಬ್ಬರು ತಮ್ಮ ಸೆಡಾನ್ ಮಾರುವವರಿದ್ದರು, ಅದನ್ನೂ ನೋಡುವುದಿತ್ತು. ನನ್ನ ಮನಸ್ಸು ಮಾತ್ರ ಎತ್ತರದ್ದರ ಕಡೆಗೇ ಇತ್ತು. ಎತ್ತರದ ಸೀಟಿನಲ್ಲಿ ಮೊಣಕಾಲು ಹೆಚ್ಚು ಮಡಚಬೇಕಿಲ್ಲ ಎಂಬುದು ನನ್ನ ಲೆಕ್ಕ.

ಗಾಡಿಯೇನೋ ಭಾರಿ. ಗುಂಡಿ, ಹಂಪು ಗೊತ್ತೇ ಆಗಲಿಲ್ಲ. ಮುಂದೆ ಎರಡು ಟ್ರೇಲರ್ ಕಬ್ಬು ಎಳೆದುಕೊಂಡು ಟ್ರ್ಯಾಕ್ಟರ್ ಹೋಗುತ್ತಿದ್ದರೆ ಆಚೆಯ ರಸ್ತೆ ಕಾಣುತ್ತಿತ್ತು. ಅಕ್ಕ ಕಿಟಕಿಗೆ ಹಣೆ ಹಚ್ಚಿ ಕೂತಿದ್ದಳು. ವರ್ಷದ ಮೇಲೆ ಹೊರಗೆ ಬಂದವಳಿಗೆ ಎರಡೂ ಕಡೆ ಆಳೆತ್ತರದ ಕಬ್ಬು, ಕಾಲುವೆಯಲ್ಲಿ ತುಂಬಿ ಹರಿಯುವ ನೀರು. ಜಮಖಂಡಿಯಲ್ಲಿ ಒಗ್ಗರಣೆ ಚುರುಮುರಿಯ ಸೂಸಲಾ, ಮಿರ್ಚಿ ಕಟ್ಟಿಸಿಕೊಂಡೆ, ಇಬ್ಬರಿಗೂ ಸೇರಿ ಎಂಬತ್ತು ರೂಪಾಯಿ. ಇಳಿದು ತಿನ್ನೋಣವೆಂದರೆ ಅಕ್ಕ ಬಾಗಿಲಿನಿಂದ ನೆಲ ನೋಡಿ ಕಾಲು ಒಳಗೆಳೆದುಕೊಂಡಳು. ಗಾಡಿಯಲ್ಲೇ ತಿಂದೆವು. ಬೀಳಗಿಯ ಈಚೆ ಕುರಿಹಿಂಡು ದಾಟುವವರೆಗೆ ನಿಂತೆವು. ಹೆಗಲಿಗೆ ಕಂಬಳಿ ಹಾಕಿದ ಕುರಿಗಾರ ಗಾಡಿಯನ್ನು ಕೆಳಗಿಂದ ಮೇಲಕ್ಕೆ ನೋಡಿ, ಇದಕ್ಕ ನಿಚ್ಚಣಿಕಿ ಕೊಡತಾರೇನ್ರಿ ಎಂದು ಕೇಳಿದ. ಅಕ್ಕ ಆ ದಿನ ಮೊದಲ ಸಲ ನಕ್ಕಳು. ನನಗೆ ನಗು ಬರಲಿಲ್ಲ.

ಬಾಡಗಂಡಿ ಮುಟ್ಟಿದಾಗ ಹನ್ನೊಂದರ ಬಿಸಿಲು, ಗಾಳಿಯಲ್ಲಿ ಕಾರ್ಖಾನೆಯ ಕಾಕಂಬಿ ವಾಸನೆ. ಗುಮಾಸ್ತರ ಬಿಳಿ ಸೆಡಾನ್ ಬೇವಿನ ನೆರಳಿನಲ್ಲಿತ್ತು. ಇಷ್ಟು ತಗ್ಗಿನ ಕಾರಿನಲ್ಲಿ ಅಕ್ಕ ಕೂರುವುದುಂಟೇ ಎಂದು ನಾನು ಟೈರು ಒದ್ದು ನೋಡುತ್ತಿದ್ದೆ. ಅಷ್ಟರಲ್ಲಿ, ಜೊತೆಗೆ ತಂದು ನಾನು ಇಟ್ಟಿದ್ದ ಮಣೆಗಳ ಮೇಲೆ ಕಾಲಿಟ್ಟು ಇಳಿದ ಅಕ್ಕ ಗೋಡೆ ಹಿಡಿದುಕೊಂಡು ಬಂದು ಬಾಗಿಲು ತೆಗೆದಳು. ಕಾರಿಗೆ ಬೆನ್ನು ಮಾಡಿ ಸೀಟಿನ ಅಂಚಿಗೆ ಕೂತಳು. ಅಂಗೈ ಊರಿ ಅರ್ಧ ತಿರುಗಿ, ಎರಡೂ ಕಾಲು ಜೋಡಿಸಿ ಒಳಗೆ ಬಿಟ್ಟಳು. ಒಂದು ಉಸಿರಿನ ಕೆಲಸ.

ಕುಣಿಮಗ್ಗಕ್ಕೆ ಇಳಿಯುವುದೇ ಹೀಗೆ. ಮಗ್ಗದ ಮುಂದಿನ ತಗ್ಗಿನ ಅಂಚಿಗೆ ಕೂತು, ತಿರುಗಿ, ಕಾಲು ಇಳಿಬಿಡುವುದು. ನಲವತ್ತು ವರ್ಷ ದಿನಾ ಮಾಡಿದ್ದನ್ನು ಆ ದೇಹ ಮರೆತಿರಲಿಲ್ಲ. ಅದಕ್ಕೆ ಏರುವುದು ಗೊತ್ತಿರಲಿಲ್ಲ, ಇಳಿಯುವುದು ಗೊತ್ತಿತ್ತು.

"ಇದು ನಮ್ಮ ಮಗ್ಗ ಇದ್ದಂಗ ಐತಿ ನೋಡು," ಎಂದು ಅಕ್ಕ ಸೀಟು ಸವರಿದಳು.

ಅಲ್ಲಿಗೆ ನನ್ನ ಚೌಕಾಸಿ ಮುಗಿಯಿತು. ಗುಮಾಸ್ತರು ಆಕೆಯ ಮುಖ ನೋಡಿಬಿಟ್ಟಿದ್ದರು. ತಾಸುಗಟ್ಟಲೆ ಎಳೆದಾಡಿದರೂ ಎರಡು ಹೊಸ ಟೈರು ಬಿಟ್ಟು ಬೇರೇನೂ ಗಿಟ್ಟಲಿಲ್ಲ. ಕಾರು ಕೊಳ್ಳುವವರಿಗೆ ನನ್ನ ಮಾತು: ಮೈಲೇಜು, ಡಿಕ್ಕಿ ಆಮೇಲೆ ನೋಡಿ. ದಿನಾ ಕೂರುವವರನ್ನು ಮೊದಲು ಕರೆದೊಯ್ದು ಅದರಲ್ಲಿ ಕೂರಿಸಿ ನೋಡಿ. ಆದರೆ ಮಾರುವವರು ಒಳಗೆ ಚಹಾ ತರಲು ಹೋದಾಗ.

ಕಾಗದಪತ್ರಕ್ಕೆಂದು ಗುಮಾಸ್ತರು ಸೆಡಾನ್ ಓಡಿಸಿಕೊಂಡು ಜಮಖಂಡಿಗೆ ಹೊರಟರು. ಅಕ್ಕ ಅದರಲ್ಲೇ ಕೂತಳು. ನಾನು ಎತ್ತರದ ಗಾಡಿಯಲ್ಲಿ ಒಬ್ಬನೇ ಹಿಂದೆ. ಪೇಟೆಯಲ್ಲಿ ಜಾಗ ಹುಡುಕಿ ನಿಲ್ಲಿಸಿ ಓಡಿ ಬರುವಷ್ಟರಲ್ಲಿ ಅಕ್ಕ ಅಂಗಡಿಯೊಳಗೆ ಕಟ್ಟೆಯ ಮೇಲೆ ಕೂತು ಕನ್ನಡಕ ಒರೆಸುತ್ತಿದ್ದಳು. ಯಾರು ಇಳಿಸಿದರು ಎಂದು ಕೇಳಿದೆ.

"ಯಾರ ಇಳಸತಾರ? ನೀ ಮೊದಲ ಆ ಸೀರಿ ಗಂಟು ಬಿಚ್ಚ," ಅಂದಳು.